ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕ್ಲೀನರ್ ಮೀನು ಸಾಕುವ ಕ್ರಮ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಕ್ಲೌನ್ ಮೀನು, ಡ್ಯಾಮ್ಸೆಲ್, ಟ್ಯಾಂಗ್‌ಗಳ ಜೊತೆಗೆ, ಬೇರೆ ಮೀನುಗಳ ಮೈಯಿಂದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಕ್ಲೀನರ್ ರಾಸ್ ಎಂಬ ಮೀನೊಂದನ್ನೂ ಕೊಂಡು ತರುವುದು ವಾಡಿಕೆ. ತಲೆಯ ಕಡೆ ತಿಳಿಹಳದಿ ಬೆರೆತ ಬಿಳುಪು, ಬಾಲದ ಕಡೆ ಹೊಳೆಯುವ ನೀಲಿ, ಮೂತಿಯಿಂದ ಬಾಲದವರೆಗೆ ಅಗಲವಾಗುತ್ತ ಸಾಗುವ ಕಪ್ಪು ಪಟ್ಟೆಯಿರುವ ಈ ಮೀನನ್ನು ತೋರಿಸಿ, ಇದೊಂದು ತೊಟ್ಟಿಯಲ್ಲಿದ್ದರೆ ಉಳಿದ ಮೀನುಗಳಿಗೆ ರೋಗ ಬರುವುದಿಲ್ಲ ಎಂದು ಹೇಳಿ ಮಾರುವವರೂ ಇದ್ದಾರೆ. ಹಾಗೆ ತಂದ ಮೀನು ಅನೇಕ ಮನೆಗಳಲ್ಲಿ ಕೆಲವೇ ವಾರಗಳಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿ ಸಾಯುತ್ತದೆ, ಮತ್ತು ಅದರ ಸಾವಿಗೆ ಕಾರಣ ಬಹುಮಟ್ಟಿಗೆ ಹಸಿವು. ಕ್ಲೀನರ್ ಮೀನನ್ನು ತೊಟ್ಟಿಯ ಔಷಧವೆಂದು ತರದೆ, ಉಳಿದೆಲ್ಲ ಮೀನುಗಳಿಗಿಂತ ಹೆಚ್ಚು ಬಾರಿ ಆಹಾರ ಬೇಡುವ ಮೀನೆಂದು ತಿಳಿದು ತರುವವರಿಗಾಗಿ ಈ ಬರಹ.

ಹವಳದ ದಿಬ್ಬಗಳಲ್ಲಿ ಈ ಮೀನಿನ ಬದುಕು ಹೇಗಿರುತ್ತದೆಂದು ತಿಳಿದರೆ ಮನೆಯಲ್ಲಿ ಎದುರಾಗುವ ಕಷ್ಟವೂ ಅರ್ಥವಾಗುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ದಿಬ್ಬಗಳಲ್ಲಿ, ನಮಗೆ ಹತ್ತಿರದ ಲಕ್ಷದ್ವೀಪದಲ್ಲಿಯೂ, ಕ್ಲೀನರ್ ರಾಸ್ ಒಂದು ನಿಶ್ಚಿತ ಜಾಗದಲ್ಲಿ ನೆಲೆನಿಂತು ತನ್ನಲ್ಲಿಗೆ ಬರುವ ಮೀನುಗಳ ಮೈ, ಬಾಯಿ ಮತ್ತು ಕಿವಿರುಗಳಿಂದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಬಳಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕ್ಲೀನರ್ ರಾಸ್ ದಿನಕ್ಕೆ ಸುಮಾರು 1200 ಪರೋಪಜೀವಿಗಳನ್ನು ತಿನ್ನುತ್ತದೆ ಮತ್ತು ದಿನವೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ಬೇರೆ ಮೀನುಗಳನ್ನು ತಪಾಸಣೆ ಮಾಡುತ್ತದೆ. ಅದರ ಮುಖ್ಯ ಆಹಾರ ನ್ಯಾಥಿಡ್ ಎಂಬ, ಮೀನಿನ ರಕ್ತ ಹೀರುವ ಪುಟ್ಟ ಕಠಿಣಚರ್ಮಿಗಳ (ಸಿಗಡಿ, ಏಡಿಗಳ ಬಳಗದ ಜೀವಿಗಳ) ಮರಿಗಳು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ, ಆರೋಗ್ಯವಾಗಿರುವ ಏಳೆಂಟು ಮೀನುಗಳ ಮೈಮೇಲೆ ಇಷ್ಟು ಆಹಾರ ಸಿಗುವುದು ಸಾಧ್ಯವೇ ಇಲ್ಲ. ಆಗ ಅದಕ್ಕೆ ಉಳಿಯುವುದು ಆ ಮೀನುಗಳ ಮೈಲೋಳೆ ಮಾತ್ರ. ಲೋಳೆಯೆಂದರೆ ಅದಕ್ಕೆ ಮೊದಲೇ ಬಹಳ ಇಷ್ಟ. ಸಮುದ್ರದಲ್ಲಿಯೂ ಪರೋಪಜೀವಿಯನ್ನು ಬಿಟ್ಟು ಲೋಳೆಯನ್ನು ಕಚ್ಚಿ, ಮೀನು ಬೆಚ್ಚಿ ನೆಗೆಯುವಂತೆ ಮಾಡುವುದುಂಟು.

ಇನ್ನೊಂದು ತಪ್ಪು ತಿಳಿವಳಿಕೆ ಬಿಳಿಚುಕ್ಕೆ ರೋಗದ ಬಗ್ಗೆ. ಉಪ್ಪುನೀರಿನ ಮೀನುಗಳಲ್ಲಿ ಈ ರೋಗವನ್ನು ತರುವ ಕ್ರಿಪ್ಟೊಕೇರಿಯಾನ್ ಎಂಬ ಏಕಕೋಶ ಜೀವಿ ಮೀನಿನ ಚರ್ಮದ ಮೇಲ್ಪದರದ ಅಡಿಯಲ್ಲಿ ಅಡಗಿ ಬೆಳೆಯುವುದರಿಂದ ಕ್ಲೀನರ್ ಮೀನಿನ ಹಲ್ಲಿಗೆ ಅದು ಸಿಗುವುದಿಲ್ಲ. ರೋಗ ಬಂದ ಮೀನು ಬೆಲೆಬಾಳುವುದೆಂದು ಅದನ್ನು ಉಳಿಸಲು ಕ್ಲೀನರ್ ರಾಸ್ ತಂದು ಬಿಳಿಚುಕ್ಕೆ ಹೋಗಲೆಂದು ಕಾಯುವುದರಿಂದ ಚಿಕಿತ್ಸೆಗೆ ಇರುವ ಸಮಯ ಹಾಳಾಗುತ್ತದೆ. ಚರ್ಮಕ್ಕೆ ಅಂಟಿ ಬದುಕುವ ಚಪ್ಪಟೆ ಹುಳುಗಳನ್ನು ಕ್ಲೀನರ್ ಮೀನುಗಳು ನಿಜವಾಗಿ ತಿನ್ನುತ್ತವೆ. ಅವುಗಳ ಉಪಯೋಗ ಅಷ್ಟಕ್ಕೇ ಸೀಮಿತ. ಗಾಜಿಗೆ ಹತ್ತಿದ ಪಾಚಿಯನ್ನೂ ತಳದಲ್ಲಿ ಬಿದ್ದ ಕಸವನ್ನೂ ಅವು ಮುಟ್ಟುವುದಿಲ್ಲ.

ಒಂದು ಮೀನು ಇನ್ನೊಂದರ ಮೈ ಶುಚಿ ಮಾಡುವ ಈ ನೋಟವನ್ನು ಮನೆಯಲ್ಲಿ ನೋಡಬೇಕೆಂಬ ಆಸೆಯಿದ್ದವರಿಗೆ ಮೂರು ದಾರಿಗಳಿವೆ. ಮೊದಲನೆಯದು ನಿಯಾನ್ ಗೋಬಿ. ಅಟ್ಲಾಂಟಿಕ್ ಸಾಗರದ, ಐದು ಸೆಂಟಿಮೀಟರ್ ಮೀರದ ಈ ಮೀನನ್ನು ಹಲವು ದಶಕಗಳಿಂದ ತೊಟ್ಟಿಗಳಲ್ಲಿಯೇ ಮರಿ ಮಾಡಿಸಲಾಗುತ್ತಿದೆ. ಆದ್ದರಿಂದ ಅದು ಸಿದ್ಧ ಆಹಾರಕ್ಕೆ ಹುಟ್ಟಿನಿಂದಲೇ ಒಗ್ಗಿರುತ್ತದೆ ಮತ್ತು ಶುಚಿ ಮಾಡುವ ಕೆಲಸ ಸಿಗದಿದ್ದರೂ ಬದುಕುತ್ತದೆ. ಎರಡನೆಯದು ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆಯಿರುವ ಕ್ಲೀನರ್ ಸಿಗಡಿ. ಮೂರನೆಯದು ಕ್ಲೀನರ್ ರಾಸ್. ಹೊಸಬರು ಗೋಬಿ ಸಿಕ್ಕರೆ ಗೋಬಿಯನ್ನೇ, ಇಲ್ಲವಾದರೆ ಸಿಗಡಿಯನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ದಿನಕ್ಕೆ ನಾಲ್ಕು ಬಾರಿ ಆಹಾರ ಹಾಕಲು ಮನೆಯಲ್ಲಿ ಜನರಿಲ್ಲದಿದ್ದರೆ ಕ್ಲೀನರ್ ರಾಸ್ ತರುವ ವಿಚಾರವನ್ನೇ ಬಿಡುವುದು ಒಳ್ಳೆಯದು. ಇದೇ ಕುಲದ ಎರಡು ಬಣ್ಣದ ರಾಸ್ ಮತ್ತು ಹವಾಯಿ ದ್ವೀಪದ ರಾಸ್‌ಗಳು ಎಷ್ಟೇ ಅಂದವಾಗಿದ್ದರೂ ಮನೆಯ ತೊಟ್ಟಿಗೆ ಹೇಳಿದವಲ್ಲ.

ಗೋಬಿಗೆ ಎಂಬತ್ತು ಲೀಟರಿನ ತೊಟ್ಟಿ ಸಾಕು. ರಾಸ್ ಮೀನು ಹತ್ತು ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುವುದಲ್ಲದೆ ದಿನವಿಡೀ ಈಜುತ್ತಿರುವುದರಿಂದ ಅದಕ್ಕೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಬೇಕು. ಇದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಮುನ್ನೂರೈವತ್ತು ಕಿಲೋ ಮೀರುವ ಈ ಭಾರವನ್ನು ಹಳೆಯ ಹೆಂಚಿನ ಮನೆಯ ಮರದ ಉಪ್ಪರಿಗೆಯ ಮೇಲೆ ಇಡಬಾರದು. ರಾಸ್ ಮೀನುಗಳು ಬೆದರಿದಾಗ ನೀರಿನಿಂದ ಹೊರಗೆ ಹಾರುತ್ತವೆ. ಸಣ್ಣ ಕಣ್ಣಿನ ಬಲೆ ಬಿಗಿದ ಮುಚ್ಚಳ ಇರಲೇಬೇಕು, ಪೈಪು ಹಾಯುವ ಸಂದುಗಳನ್ನೂ ಮುಚ್ಚಬೇಕು. ಸ್ಟ್ಯಾಂಡಿಗೆ ಬಣ್ಣ ಹಚ್ಚಿದ ಕಬ್ಬಿಣವನ್ನು ಬಳಸಿದರೆ ಉಪ್ಪು ಮತ್ತು ಕರಾವಳಿಯ ತೇವ ಎರಡೂ ಸೇರಿ ಅದನ್ನು ಬೇಗನೆ ತಿನ್ನುತ್ತವೆ.

ಸಮುದ್ರ ಇಷ್ಟು ಹತ್ತಿರವಿರುವಾಗ ನೀರನ್ನು ಅಲ್ಲಿಂದಲೇ ತರಬಾರದೇಕೆ ಎಂಬ ಪ್ರಶ್ನೆ ಮಂಗಳೂರು, ಉಡುಪಿಯ ನಮ್ಮ ಕರಾವಳಿಯಲ್ಲಿ ಸಹಜ. ಪಣಂಬೂರು, ತಣ್ಣೀರುಬಾವಿಯ ಕಡೆ ಬಂದರು ಮತ್ತು ಕೈಗಾರಿಕೆಗಳು, ಮಲ್ಪೆಯಲ್ಲಿ ಮೀನುಗಾರಿಕಾ ದೋಣಿಗಳ ಡೀಸೆಲ್ ಇರುವುದರಿಂದ ದಡದ ನೀರಿನ ಮೇಲೆ ನಂಬಿಕೆ ಇಡುವಂತಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳ ನೆರೆನೀರು ಮಂಗಳೂರಿನ ಅಳಿವೆಯಲ್ಲಿ, ಸೀತಾ ಮತ್ತು ಸುವರ್ಣಾ ನದಿಗಳ ನೀರು ಕೋಡಿಬೆಂಗ್ರೆಯಲ್ಲಿ ಕಡಲಿಗೆ ಸೇರಿ ದಡದ ಉಪ್ಪಿನಂಶವನ್ನು ಬಹಳ ಇಳಿಸುತ್ತದೆ. ಜೊತೆಗೆ ಕೆಸರನ್ನೂ ತರುತ್ತದೆ. ಅಕ್ವೇರಿಯಂಗೆಂದೇ ತಯಾರಾದ ಉಪ್ಪಿನ ಪುಡಿಯನ್ನು ಆರ್‌ಓ ನೀರಿನಲ್ಲಿ ಕರಗಿಸಿ ಬಳಸುವುದು ಖರ್ಚಾದರೂ ನಿಶ್ಚಿಂತೆಯ ದಾರಿ. ಲೀಟರಿಗೆ 35ರಿಂದ 38 ಗ್ರಾಂ ಪುಡಿ ಬೇಕಾಗುತ್ತದೆ; ಒಂದು ದಿನ ಪಂಪಿನಿಂದ ಕಲಕಿದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.024ರಿಂದ 1.026ರ ಒಳಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ಪುಡಿಯ ಚೀಲ ಒಮ್ಮೆ ಬಿಚ್ಚಿದರೆ ಜೂನ್ ತಿಂಗಳ ಗಾಳಿಗೆ ಗಟ್ಟಿಯಾಗುವುದರಿಂದ ಮುಚ್ಚಳ ಬಿಗಿಯುವ ಡಬ್ಬಿಗೆ ತುಂಬಿಡಬೇಕು.

ತುಂಬೆಯಿಂದ ಮಂಗಳೂರಿಗೆ, ಬಜೆಯಿಂದ ಉಡುಪಿಗೆ ಬರುವ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ; ಮುರಕಲ್ಲಿನ ನೆಲದ ಬಾವಿನೀರು ಮೆದುವಾಗಿದ್ದರೂ ಅದರಲ್ಲಿ ಕಬ್ಬಿಣದ ಅಂಶ ಬರುವುದುಂಟು, ಮತ್ತು ಕಡಲಿಗೆ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಹತ್ತುತ್ತದೆ. ಎರಡನ್ನೂ ಆರ್‌ಓ ಯಂತ್ರದ ಮೂಲಕವೇ ಹಾಯಿಸಬೇಕು. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ; ಆದ್ದರಿಂದ ಇಳಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬದೆ ಸಿಹಿನೀರಿನಿಂದಲೇ ತುಂಬಬೇಕು.

ಬೇಸಗೆಯ ಸೆಕೆ ನಮ್ಮ ಕಡೆಯ ದೊಡ್ಡ ತೊಂದರೆ. ತೊಟ್ಟಿಯ ನೀರು 25ರಿಂದ 27 ಡಿಗ್ರಿ ಇರಬೇಕಾದದ್ದು, ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕೋಣೆಯಲ್ಲಿ 31 ಡಿಗ್ರಿ ದಾಟುತ್ತದೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಸುಮಾರು 6.2 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚಾಗುತ್ತದೆ, ನೀರಿನಲ್ಲಿರುವುದು ಕಡಿಮೆಯಾಗುತ್ತದೆ. ಕ್ಲೀನರ್ ರಾಸ್‌ನ ಹಸಿವೂ ಆಗ ಏರುತ್ತದೆಂಬುದನ್ನು ಮರೆಯಬಾರದು. ನೀರಿನ ಮೇಲೆ ಫ್ಯಾನ್ ಬೀಸಿ ತಂಪು ಮಾಡುವ ಉಪಾಯ ಬಯಲುಸೀಮೆಯ ಒಣಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಆದರೆ ಕರಾವಳಿಯ ತೇವದ ಗಾಳಿಯಲ್ಲಿ ನೀರು ಬೇಗ ಆವಿಯಾಗದ ಕಾರಣ ಅದರ ಫಲ ಅಲ್ಪ. ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಕೊಳ್ಳುವ ಶಕ್ತಿಯಿಲ್ಲದವರು ತೊಟ್ಟಿಯನ್ನು ಪಶ್ಚಿಮದ ಬಿಸಿಲು ತಾಗದ, ಹಗಲು ಎಸಿ ನಡೆಯುವ ಕೋಣೆಯಲ್ಲಿ ಇಡುವುದು ಮೇಲು. ಗಾಳಿಮಳೆಗೆ ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಏರ್‌ಪಂಪ್ ಒಂದಾದರೂ ಇರಲಿ. ಇನ್‌ವರ್ಟರ್ ಇರುವ ಮನೆಯಲ್ಲಿ ತೊಟ್ಟಿಯೊಳಗೆ ನೀರು ಹರಿಸುವ ಪಂಪಾದ ಪವರ್‌ಹೆಡ್ ಒಂದನ್ನು ಅದಕ್ಕೆ ಜೋಡಿಸಿದರೆ ಸಾಕು, ದೀಪ ಮತ್ತು ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಕೆಲ ಗಂಟೆ ನಿಂತರೆ ತೊಂದರೆಯಿಲ್ಲ.

ತೊಟ್ಟಿಯೊಳಗಿನ ಕಲ್ಲಿನ ವಿಷಯದಲ್ಲಿ ಕಾನೂನನ್ನೂ ನೋಡಬೇಕಾಗುತ್ತದೆ. ಕಲ್ಲುಹವಳಗಳು, ಕಡಲಕುದುರೆಗಳು ಮತ್ತು ಕಡಲಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹವಳದ ತುಂಡುಗಳನ್ನು ಲೈವ್ ರಾಕ್ ಎಂಬ ಹೆಸರಿನಲ್ಲಿ ಕೊಳ್ಳುವುದೂ ಅಪಾಯವೇ. ಸೆರಾಮಿಕ್‌ನಿಂದ ಮಾಡಿದ ಕಲ್ಲನ್ನು ಕೊಂಡು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಕೊಡುವುದು ಸರಿಯಾದ ದಾರಿ. ಮನೆಕಟ್ಟುವ ಮುರಕಲ್ಲಿನಲ್ಲಿ ರಂಧ್ರಗಳು ಹೇರಳವಾಗಿವೆಯೆಂದು ಅದನ್ನು ಉಪಯೋಗಿಸಬಾರದು, ಅದರ ಕಬ್ಬಿಣ ಪಾಚಿಗೆ ಗೊಬ್ಬರವಾಗುತ್ತದೆ. ಕಲ್ಲುಗಳ ನಡುವೆ ಕಿರಿದಾದ ಬಿರುಕುಗಳು ಹಲವು ಇರುವಂತೆ ಜೋಡಿಸಿ: ಕ್ಲೀನರ್ ರಾಸ್ ರಾತ್ರಿ ಅಂತಹ ಬಿರುಕಿನಲ್ಲಿ ಸೇರಿ, ಮೈಸುತ್ತ ಲೋಳೆಯ ತೆಳುಪೊರೆ ಹೆಣೆದುಕೊಂಡು ಮಲಗುತ್ತದೆ. ಬೆಳಿಗ್ಗೆ ಆ ಪೊರೆ ತೇಲುವುದನ್ನು ಕಂಡು ರೋಗವೆಂದು ಗಾಬರಿಪಡಬೇಕಿಲ್ಲ.

ತೊಟ್ಟಿ ತಯಾರಾದ ಮೇಲೆ ಆ ಬ್ಯಾಕ್ಟೀರಿಯಾ ಬೆಳೆದು, ಮೀನಿಗೆ ವಿಷವಾದ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಂದ ಮುಂದೆ ಗಟ್ಟಿಮುಟ್ಟಾದ ಮೀನುಗಳನ್ನು ಒಂದೊಂದಾಗಿ ಬಿಟ್ಟು, ತೊಟ್ಟಿ ಆರು ತಿಂಗಳಾದರೂ ಏರುಪೇರಿಲ್ಲದೆ ನಡೆದ ಮೇಲೆ ಕ್ಲೀನರ್ ರಾಸ್ ತರಬೇಕು. ಅದು ಬರುವ ಹೊತ್ತಿಗೆ ಬೇರೆ ಬೇರೆ ಗಾತ್ರದ ಐದಾರು ಮೀನುಗಳು ಇರಲಿ. ಎರಡೇ ಮೀನುಗಳಿರುವ ತೊಟ್ಟಿಯಲ್ಲಿ ಅದು ಆ ಎರಡನ್ನೇ ದಿನವಿಡೀ ಕಾಡಿ ಅವುಗಳ ಮೈಯಲ್ಲಿ ಗಾಯ ಮಾಡುತ್ತದೆ.

ಕೊಳ್ಳುವಾಗ ಅವಸರ ಬೇಡ. ಅಂಗಡಿಗೆ ಬಂದು ಒಂದು ವಾರವಾದರೂ ಆಗಿರುವ ಮೀನನ್ನೇ ಆರಿಸಿ, ನಿಮ್ಮ ಕಣ್ಣೆದುರಿನಲ್ಲಿ ಆಹಾರ ಹಾಕಿಸಿ, ಅದು ತಿನ್ನುವುದನ್ನು ನೋಡಿಯೇ ಹಣ ಕೊಡಿ. ಮುಂಗಡ ಕೊಟ್ಟು ಮೀನನ್ನು ಕೆಲವು ದಿನ ಅಂಗಡಿಯಲ್ಲಿಯೇ ಬಿಟ್ಟಿರುವುದಕ್ಕೆ ಒಪ್ಪುವ ವ್ಯಾಪಾರಿಯಾದರೆ ಇನ್ನೂ ಒಳ್ಳೆಯದು. ಹೊಟ್ಟೆ ಒಳಗೆ ಸೆಳೆದುಕೊಂಡಿದ್ದರೆ, ಅಥವಾ ತಲೆಯ ಹಿಂದೆ ಬೆನ್ನಿನ ಮಾಂಸ ಇಳಿದು ತಗ್ಗು ಕಾಣುತ್ತಿದ್ದರೆ ಅಂತಹ ಮೀನು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಬಾಯಿಯನ್ನೂ ಗಮನಿಸಬೇಕು. ಕ್ಲೀನರ್ ರಾಸ್‌ನ ಬಾಯಿ ಮೂತಿಯ ತುದಿಯಲ್ಲಿರುತ್ತದೆ. ಅದರ ಬಣ್ಣ ಮತ್ತು ನಡೆಯನ್ನು ಹಾಗೆಯೇ ಅನುಕರಿಸುವ ನಕಲಿ ಕ್ಲೀನರ್ ಬ್ಲೆನ್ನಿಯ ಬಾಯಿ ಮೂತಿಯ ಕೆಳಭಾಗದಲ್ಲಿರುತ್ತದೆ. ಶುಚಿ ಮಾಡಿಸಿಕೊಳ್ಳಲು ನಿಂತ ಮೀನಿನ ಈಜುರೆಕ್ಕೆಯನ್ನೇ ಕಚ್ಚಿ ತಿನ್ನುವ ಈ ವೇಷಧಾರಿ ಅಪರೂಪಕ್ಕೆ ಮಾರಾಟದ ತೊಟ್ಟಿಗಳಿಗೂ ಬಂದಿರುತ್ತದೆ.

ರೋಗ ಹಬ್ಬದಿರಲೆಂದು ಕೆಲವು ಅಂಗಡಿಗಳು ಉಪ್ಪಿನಂಶವನ್ನು ಕಡಿಮೆ ಇಡುವುದುಂಟು. ಮನೆಗೆ ಬಂದೊಡನೆ ಚೀಲದ ನೀರನ್ನು ಅಳೆದು ನೋಡಿ, ಅದರ ಸಾಂದ್ರತೆ 1.020 ಇದ್ದರೆ, ಹೊಸ ಮೀನನ್ನು ಉಳಿದವುಗಳಿಂದ ದೂರವಿಡುವ ಪ್ರತ್ಯೇಕ ತೊಟ್ಟಿಯನ್ನೂ ಮೊದಲು ಅಷ್ಟಕ್ಕೇ ಇಟ್ಟು, ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು. ಮೀನಿನ ದೇಹಕ್ಕೆ ಉಪ್ಪು ಇಳಿಯುವುದಕ್ಕಿಂತ ಏರುವುದು ಹೆಚ್ಚು ಕಷ್ಟ. ಈ ಪ್ರತ್ಯೇಕ ತೊಟ್ಟಿಯಲ್ಲಿ ಮೀನನ್ನು ಒಂದು ತಿಂಗಳು ಇಡುವುದು ಎಲ್ಲ ಉಪ್ಪುನೀರಿನ ಮೀನುಗಳಿಗೂ ಹೇಳಿದ ನಿಯಮ. ಹತ್ತಾರು ಮೀನುಗಳ ಮೈಯನ್ನು ಮುಟ್ಟಿ ಬಂದಿರುವ ಕ್ಲೀನರ್ ಮೀನಿಗೆ ಅದು ಇನ್ನಷ್ಟು ಅವಶ್ಯ. ಬಿಳಿಚುಕ್ಕೆ ಕಂಡರೆ, ತಾಮ್ರದ ಔಷಧವನ್ನು ರಾಸ್ ಮೀನುಗಳು ಅಷ್ಟಾಗಿ ತಾಳಲಾರವಾದ್ದರಿಂದ, ತೊಳೆದು ಒಣಗಿಸಿದ ಇನ್ನೊಂದು ತೊಟ್ಟಿಯ ಹೊಸ ನೀರಿಗೆ ಮೀನನ್ನು ಪ್ರತಿ 72 ಗಂಟೆಗೊಮ್ಮೆ, ಸಾಲಾಗಿ ನಾಲ್ಕು ಬಾರಿ ದಾಟಿಸುವ ಕ್ರಮವನ್ನು ನಾನು ಮೇಲೆಂದು ಭಾವಿಸುತ್ತೇನೆ. ಮೀನಿನಿಂದ ಕಳಚಿ ತಳಕ್ಕೆ ಬಿದ್ದ ಜೀವಿ ಒಡೆದು ಮರಿಗಳು ಹೊರಬರುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ ಎಂಬುದೇ ಇದರ ತರ್ಕ.

ಇನ್ನು ಆಹಾರ. ಪ್ರತ್ಯೇಕ ತೊಟ್ಟಿಯ ಆ ಒಂದು ತಿಂಗಳನ್ನು ಮೀನಿಗೆ ಊಟ ಕಲಿಸುವ ತಿಂಗಳೆಂದೇ ಎಣಿಸಬೇಕು. ನೀರಿನಲ್ಲಿ ತೇಲುವ ತುಣುಕನ್ನು ಹಿಡಿದು ತಿನ್ನುವುದು ಕ್ಲೀನರ್ ರಾಸ್‌ಗೆ ಹುಟ್ಟುಗುಣವಲ್ಲ. ಒಂದು ಮೇಲ್ಮೈಗೆ ಅಂಟಿದ್ದನ್ನು ಕುಟುಕಿ ಹೆಕ್ಕುವುದು ಅದರ ಅಭ್ಯಾಸ. ಈ ಅಭ್ಯಾಸಕ್ಕೆ ಒಪ್ಪುವ ಸಾಧನ ನಮ್ಮ ಮೀನು ಮಾರುಕಟ್ಟೆಯಲ್ಲಿಯೇ ಇದೆ. ಮರುವಾಯಿ ಅಥವಾ ಪಚ್ಚಿಲೆ ಎಂಬ ಎರಡು ಚಿಪ್ಪಿನ ಕಡಲಜೀವಿಯನ್ನು ತಂದು, ತೊಳೆದು, ಕುದಿಯುವ ನೀರಿನಲ್ಲಿ ಬಾಯಿ ಬಿಡುವಷ್ಟು ಬೇಯಿಸಿ, ಒಂದು ಬದಿಯ ಚಿಪ್ಪನ್ನು ತೆಗೆದು, ಮಾಂಸ ಅಂಟಿರುವ ಇನ್ನೊಂದು ಬದಿಯನ್ನು ಕಲ್ಲಿನ ಮೇಲೆ ಇಟ್ಟರೆ ಹೆಚ್ಚಿನ ಕ್ಲೀನರ್ ಮೀನುಗಳು ಒಂದೆರಡು ದಿನಗಳಲ್ಲಿ ಕುಟುಕಲು ಕಲಿಯುತ್ತವೆ. ಉಪ್ಪು, ಹುಳಿ, ಅರಸಿನ ಏನೂ ತಾಗಿರಬಾರದೆಂದು ಬೇರೆ ಹೇಳಬೇಕಿಲ್ಲ. ಒಂದು ಗಂಟೆಯ ಮೇಲೆ ಚಿಪ್ಪನ್ನು ಹೊರತೆಗೆಯಬೇಕು, ಇಲ್ಲವಾದರೆ ಅಮೋನಿಯ ಏರುತ್ತದೆ.

ಚಿಪ್ಪಿನ ಮಾಂಸಕ್ಕೆ ಬಾಯಿ ಹಾಕಿದ ಮೀನಿಗೆ ಅದೇ ಚಿಪ್ಪಿನಲ್ಲಿ ಸಣ್ಣಗೆ ಅರೆದ ಮೀನಿನ ಮಾಂಸ, ಮೀನಿನ ಮೊಟ್ಟೆ, ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೈಸಿಸ್ ಎಂಬ ಸಿಗಡಿಯಂತಹ ಪುಟ್ಟ ಜೀವಿ ಇವುಗಳನ್ನು ಬೆರೆಸಿ ಮೆತ್ತಿ ಕೊಡಬಹುದು. ಮುಂದೆ ಅದೇ ಮೈಸಿಸನ್ನು ನೀರಿಗೆ ಬಿಟ್ಟಾಗ ಗುರುತಿಸಿ ಹಿಡಿಯುತ್ತದೆ. ಅರೆಯಲು ಕಾಣೆ ಮೀನಿನಂತಹ ಕೊಬ್ಬು ಕಡಿಮೆಯಿರುವ ಮೀನು ಒಳ್ಳೆಯದು. ಬೂತಾಯಿ, ಬಂಗುಡೆಗಳು ಅಗ್ಗವಾಗಿ ಸಿಕ್ಕರೂ ಅವುಗಳ ಎಣ್ಣೆ ನೀರಿನ ಮೇಲೆ ಹರಡಿ ಸ್ಕಿಮ್ಮರಿನ ಕೆಲಸ ಕೆಡಿಸುತ್ತದೆ. ಸಿಗಡಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ: ತೊಟ್ಟಿಯಲ್ಲಿ ಕ್ಲೀನರ್ ಸಿಗಡಿಯೂ ಇದ್ದರೆ ಮಾರುಕಟ್ಟೆಯ ಹಸಿ ಸಿಗಡಿಯನ್ನು ಹಾಕಲೇಬಾರದು. ಸಿಗಡಿ ಕೆರೆಗಳನ್ನು ನಾಶ ಮಾಡುವ ಬಿಳಿಚುಕ್ಕೆ ವೈರಸ್ ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ, ಮತ್ತು ಅದು ಅಲಂಕಾರದ ಸಿಗಡಿಗಳಿಗೂ ತಗಲುತ್ತದೆ. ಮೀನಿನ ಬಿಳಿಚುಕ್ಕೆಗೂ ಇದಕ್ಕೂ ಸಂಬಂಧವಿಲ್ಲ. ಹಾಕಲೇಬೇಕಿದ್ದರೆ ಪೂರ್ತಿ ಬೇಯಿಸಿ ಹಾಕಬೇಕು.

ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ ಒಂದೆರಡು ನಿಮಿಷಗಳಲ್ಲಿ ಮುಗಿಯುವಷ್ಟು ಮಾತ್ರ ಕೊಡುವುದು ಸರಿಯಾದ ಪ್ರಮಾಣ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ಮೊದಲ ಊಟ ಆಗಬೇಕು, ಏಕೆಂದರೆ ರಾತ್ರಿಯಿಡೀ ಹಸಿದ ಮೀನು ಆಗ ಉಳಿದವುಗಳ ಮೈಯನ್ನು ಹೆಚ್ಚು ಕಾಡುತ್ತದೆ. ಇಷ್ಟು ಬಾರಿ ಆಹಾರ ಬೀಳುವ ತೊಟ್ಟಿಯಲ್ಲಿ ನೈಟ್ರೇಟ್ ಏರುವುದು ಖಂಡಿತ. ಸಾಮಾನ್ಯಕ್ಕಿಂತ ಒಂದು ಅಳತೆ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಮತ್ತು ವಾರಕ್ಕೆ ಹತ್ತನೆಯ ಒಂದು ಭಾಗ ನೀರು ಬದಲಿಸುವ ಶಿಸ್ತು ಎರಡೂ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದು ತಾಜಾ ಮೀನು ವಿರಳವಾಗುವುದರಿಂದ, ಮೇ ತಿಂಗಳಲ್ಲಿಯೇ ಅರೆದ ಆಹಾರವನ್ನು ತೆಳುವಾಗಿ ಹರಡಿ ಫ್ರೀಜರಿನಲ್ಲಿ ಇಟ್ಟುಕೊಂಡರೆ ಆ ಎರಡು ತಿಂಗಳು ಸಾಗುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ಮುರಿದು ತೆಗೆಯಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಕ್ಲೀನರ್ ಮೀನು ಹತ್ತಿರ ಬಂದಾಗ ಉಳಿದ ಮೀನು ನಿಂತು, ಈಜುರೆಕ್ಕೆ ಅಗಲಿಸಿ, ಬಾಯಿಯನ್ನೋ ಕಿವಿರನ್ನೋ ತೆರೆದರೆ ಎಲ್ಲವೂ ಸರಿಯಾಗಿದೆ. ಅದನ್ನು ಕಂಡೊಡನೆ ಮೀನುಗಳು ಓಡತೊಡಗಿದರೆ, ಮೈಯಲ್ಲಿ ಹುರುಪೆ ಕಿತ್ತ ಗುರುತುಗಳು ಕಂಡರೆ, ಅದಕ್ಕೆ ಊಟ ಸಾಲುತ್ತಿಲ್ಲ. ಮೊದಲು ಆಹಾರದ ಸರದಿಯನ್ನು ಹೆಚ್ಚಿಸಿ ನೋಡಿ, ಒಂದು ವಾರದಲ್ಲಿ ಬದಲಾಗದಿದ್ದರೆ ಕ್ಲೀನರನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ಒಂದು ತೊಟ್ಟಿಗೆ ಒಂದೇ ಕ್ಲೀನರ್ ರಾಸ್ ಸಾಕು. ಸಮುದ್ರದಲ್ಲಿ ಒಂದು ಗಂಡು ಹಲವು ಹೆಣ್ಣುಗಳ ಗುಂಪಿಗೆ ಒಡೆಯನಾಗಿದ್ದು, ಅದು ಸತ್ತರೆ ಎಲ್ಲಕ್ಕಿಂತ ದೊಡ್ಡ ಹೆಣ್ಣು ಕೆಲವೇ ವಾರಗಳಲ್ಲಿ ಗಂಡಾಗಿ ಮಾರ್ಪಡುತ್ತದೆ. ಕುತೂಹಲದ ಈ ಸಂಗತಿಯನ್ನು ಕೇಳಿ ಜೋಡಿ ತರುವವರು, ಇಬ್ಬರು ಗಂಡುಗಳು ಬಂದರೆ ನಡೆಯುವ ಕಾದಾಟಕ್ಕೂ ಎರಡು ಪಟ್ಟು ಊಟಕ್ಕೂ ಸಿದ್ಧರಿರಬೇಕು.

ಕ್ಲೀನರ್ ಸಿಗಡಿಗೆ ಊಟದ ಚಿಂತೆಯಿಲ್ಲ, ಬಿದ್ದದ್ದನ್ನೆಲ್ಲ ತಿನ್ನುತ್ತದೆ. ಅದನ್ನು ತೊಟ್ಟಿಗೆ ಬಿಡುವಾಗ ಮಾತ್ರ ಅದು ಬಂದ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಬೆರೆಸಬೇಕು, ಮತ್ತು ಹಿಂದೆ ತಾಮ್ರ ಹಾಕಿದ ತೊಟ್ಟಿಗೆ ಎಂದಿಗೂ ಬಿಡಬಾರದು. ಕಳಚಿದ ಚಿಪ್ಪನ್ನು ಕಂಡು ಸತ್ತಿತೆಂದು ತಿಳಿಯುವವರಿದ್ದಾರೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಒಂದೆರಡು ದಿನ ಕಲ್ಲಿನ ಸಂದಿನಲ್ಲಿ ಅಡಗಿರುತ್ತದೆ. ಟ್ರಿಗರ್, ಪಫರ್, ಹಾಕ್ ಮೀನುಗಳಿರುವ ತೊಟ್ಟಿಯಲ್ಲಿ ಅದು ಉಳಿಯುವುದಿಲ್ಲ.

ಮದುವೆ, ಕೋಲ, ಜಾತ್ರೆ ಎಂದು ಮನೆಮಂದಿಯೆಲ್ಲ ಮೂರ್ನಾಲ್ಕು ದಿನ ಊರಿಗೆ ಹೋಗುವ ಸಂದರ್ಭಕ್ಕೆ, ಮೀನಿಗೆ ಮೊದಲೇ ಸಣ್ಣ ಪೆಲೆಟ್ ತಿನ್ನಲು ಕಲಿಸಿದ್ದರೆ ಆಟೋ ಫೀಡರ್ ಸಾಕಾಗುತ್ತದೆ. ಕಲಿಯದ ಮೀನಿದ್ದರೆ ಪಕ್ಕದ ಮನೆಯವರಿಗೆ ಒಂದೊಂದು ಹೊತ್ತಿನ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟು ಹೇಳಿ ಹೋಗಬೇಕು. ಪೊಟ್ಟಣವಿಲ್ಲದಿದ್ದರೆ ಪ್ರೀತಿಯಿಂದ ಹೆಚ್ಚು ಹಾಕಿಬಿಡುತ್ತಾರೆ. ಸಾಕಲು ಆಗುವುದಿಲ್ಲವೆಂದು ತೋರಿದ ದಿನ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಆರೈಕೆ ಬಲ್ಲ ಇನ್ನೊಬ್ಬರಿಗೆ ಕೊಡಿ. ಮಲ್ಪೆಗೋ ಸೋಮೇಶ್ವರಕ್ಕೋ ಒಯ್ದು ಕಡಲಿಗೆ ಬಿಡಬೇಡಿ: ಹವಳದ ದಿಬ್ಬದ ಮೀನು ನಮ್ಮ ಮರಳುದಡದಲ್ಲಿ ಬದುಕುವುದಿಲ್ಲ, ನಿಯಾನ್ ಗೋಬಿಯಂತೂ ಬೇರೆಯೇ ಸಾಗರದ್ದು, ಮತ್ತು ತೊಟ್ಟಿಯಲ್ಲಿ ಅಂಟಿದ ರೋಗಾಣು ಅದರ ಜೊತೆಗೆ ಕಡಲಿಗೆ ಸೇರುತ್ತದೆ.